ಒಂದು ಅಡಿಗೆ ಒಂದು ಇಂಚು: ಅಜ್ಜಿಯ ನಡುಮನೆಗಾಗಿ ಚನ್ನಪಟ್ಟಣಕ್ಕೆ

ಪ್ರತಿ ವರ್ಷ ಗೊಂಬೆ ಹಬ್ಬಕ್ಕೆ ಮೆಟ್ಟಿಲ ಪಕ್ಕದಲ್ಲಿ ಪಾರ್ಕು, ಇಲ್ಲವೇ ಮೃಗಾಲಯ. ಈ ಸಲ ಬೇರೆ ಏನಾದ್ರೂ ಮಾಡೋಣ ಅನ್ನಿಸಿತು. ಅಜ್ಜಿ ಮನೆಯ ನಡುಮನೆಯನ್ನೇ ಪುಟ್ಟದಾಗಿ ಮಾಡಿಟ್ಟರೆ?

ಊರಿನ ಮನೆ ಮಾರಿ ಎರಡು ವರ್ಷ ಆಯ್ತು. ಕೊಂಡವರು ಕೆಡವಿ ಹೊಸದು ಕಟ್ಟಿದ್ದಾರೆ. ಅಂದಿನಿಂದ ಅಜ್ಜಿ ಆ ಮನೆಯ ಮಾತೇ ಎತ್ತಿಲ್ಲ, ನಾವೂ ಕೇಳಿಲ್ಲ. ಮೊಬೈಲ್ ಪೂರ್ತಿ ಹುಡುಕಿದರೂ ನಡುಮನೆಯ ಒಂದು ನೆಟ್ಟಗಿನ ಫೋಟೋ ಸಿಗಲಿಲ್ಲ. ಎಲ್ಲದರಲ್ಲೂ ನಮ್ಮದೇ ಮುಖ, ಹಿಂದೆ ಅರ್ಧ ಕಂಬ!

ಕೊನೆಗೆ ಧೈರ್ಯ ಮಾಡಿ ಕೇಳಿದೆ, "ಅಜ್ಜಿ, ತೂಗುಮಣೆ ಎಷ್ಟು ಉದ್ದ ಇತ್ತು?"

"ಮೂರು ಮೊಳ" ಅಂದರು, ಥಟ್ಟನೆ. ಕಂಬ? "ಒಂದು ಗೇಣು ದಪ್ಪ."

ಗೊಂಬೆಮನೆ ಮಾಡುವವರ ರೂಢಿಯ ಲೆಕ್ಕ ಸುಲಭ: ಒಂದು ಅಡಿಗೆ ಒಂದು ಇಂಚು. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿರುವ, 1924ರಲ್ಲಿ ಮುಗಿದ ರಾಣಿ ಮೇರಿಯ ಪ್ರಸಿದ್ಧ ಗೊಂಬೆಮನೆಯೂ ಇದೇ ಅಳತೆಯದ್ದು. ಹಾಗಾಗಿ ಅಜ್ಜಿಯ ಮೂರು ಮೊಳ ನನಗೆ ನಾಲ್ಕೂವರೆ ಇಂಚು, ಒಂದು ಗೇಣು ಮುಕ್ಕಾಲು ಇಂಚು.

ಅಳತೆ ಚೀಟಿ ಹಿಡಿದು ಭಾನುವಾರ ಮೈಸೂರು ಕಡೆಯ ರೈಲು ಹತ್ತಿದೆ. ಬೆಂಗಳೂರಿಂದ ಚನ್ನಪಟ್ಟಣ ಸುಮಾರು 60 ಕಿಲೋಮೀಟರ್. ಹಳೇ ರಸ್ತೆಯ ಬದಿಯಲ್ಲಿ ಗೊಂಬೆ ಅಂಗಡಿಗಳ ಸಾಲು ಈಗಲೂ ಇದೆ. "ಬೈಪಾಸ್ ಆದಮೇಲೆ ಕಾರು ನಿಲ್ಲೋದು ಕಮ್ಮಿ ಮೇಡಂ" ಅಂದರು ಅಂಗಡಿಯವರೊಬ್ಬರು. ಅವರೇ ಗಲ್ಲಿಯೊಳಗಿನ ಒಂದು ಕಾರ್ಖಾನೆ ತೋರಿಸಿದರು. ಕಾರ್ಖಾನೆ ಅಂದರೆ ಒಂದು ಕೋಣೆ, ಒಂದು ಲೇತ್, ಮೊಣಕಾಲುದ್ದ ಮರದ ಹೊಟ್ಟು.

ಇಲ್ಲಿ ಹೆಚ್ಚಾಗಿ ಬಳಸೋದು ಆಲೆ ಮರ. ಬೆಳ್ಳಗೆ, ನುಣುಪಾಗಿ, ಉಳಿಗೆ ಚೆನ್ನಾಗಿ ಒಗ್ಗುವ ಮರ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತೆ. ಆಮೇಲೆ ಒಣಗರಿ ಹಿಡಿದು ತಿಕ್ಕಿದರೆ ಹೊಳಪು. ಬ್ರಷ್ಷೂ ಇಲ್ಲ, ಒಣಗಲಿ ಅಂತ ಕಾಯೋದೂ ಇಲ್ಲ.

"ಲೇತಲ್ಲಿ ದುಂಡಗಿರೋದು ಮಾತ್ರ ಆಗುತ್ತೆ. ಚೌಕದ್ದು ನೀವೇ ನೋಡ್ಕೋಬೇಕು" ಅಂದರು ಕುಶಲಕರ್ಮಿ. ಸರಿ, ಎಂಟು ಇಂಚಿನ ನಾಲ್ಕು ಕಂಬ, ಒಂದು ಕೊಡ, ಒಂದು ಒನಕೆ ಒಪ್ಪಿಸಿದೆ. ಒಂದು ಕಂಬಕ್ಕೆ ಅಜ್ಜ ದಿನಾ ಒರಗಿ ಕೂರುತ್ತಿದ್ದರು, ತಲೆ ತಾಗೋ ಜಾಗ ಎಣ್ಣೆ ಹತ್ತಿ ಕಪ್ಪಾಗಿತ್ತು ಅಂತ ಸುಮ್ಮನೆ ಹೇಳಿದ್ದೆ. ಅವರು ಲೇತ್ ನಿಲ್ಲಿಸಿ, "ನೆಲದಿಂದ ಎಷ್ಟೆತ್ತರ?" ಅಂದರು. ಎರಡೂವರೆ ಇಂಚಿಗೆ ಒಂದು ಕಡು ಕಂದು ಪಟ್ಟಿ ಬಂತು. ಅದಕ್ಕೆ ಬೇರೆ ದುಡ್ಡು ತಗೊಳ್ಳಲಿಲ್ಲ.

ಮಿಕ್ಕಿದ್ದು ಮನೆಯಲ್ಲೇ ಆಯ್ತು. ರಟ್ಟಿಗೆ ಕೆಂಪು ಬಣ್ಣ, ಮೇಲೆ ಎರಡು ಕೋಟ್ ವಾರ್ನಿಷ್ ಕೊಟ್ಟರೆ ಗಾರೆ ನೆಲ. ಊಟದ ಟೇಬಲ್ಲಿನ ಮ್ಯಾಟ್ ಕತ್ತರಿಸಿದರೆ ಚಾಪೆ. ಸ್ಕೂಲಿನ ಮರದ ಸ್ಕೇಲನ್ನು ನಾಲ್ಕೂವರೆ ಇಂಚಿಗೆ ಕುಯ್ದು, ಅಂಕಿಗಳನ್ನು ಉಜ್ಜಿ ತೆಗೆದರೆ ತೂಗುಮಣೆ. ಅದರ ಸರಪಳಿಗೆ ನನ್ನದೇ ತುಂಡಾದ ಕಾಲುಚೈನು.

ಒಂದು ಮಾತು: ನಿಮ್ಮ ಊರಿನ ಮನೆ ಇನ್ನೂ ನಿಂತಿದ್ದರೆ, ಮುಂದಿನ ಸಲ ಹೋದಾಗ ಟೇಪ್ ಹಿಡಿದು ಒಮ್ಮೆ ಅಳೆದಿಟ್ಟುಕೊಳ್ಳಿ. ಸೆಲ್ಫಿ ಬಿಟ್ಟು ಗೋಡೆಯ ಫೋಟೋ ತೆಗೀರಿ.

ಪಟ್ಟದ ಗೊಂಬೆ ಕೂರಿಸುವ ದಿನ ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ಬಹಳ ಹೊತ್ತು ನೋಡಿದರು. ಕಪ್ಪು ಪಟ್ಟಿಯ ಕಂಬವನ್ನು ಬೆರಳಲ್ಲಿ ಸವರಿದರು. ಏನೂ ಹೇಳಲಿಲ್ಲ. ಆಮೇಲೆ, "ತೂಗುಮಣೆ ಎತ್ತರ ಆಯ್ತು ಕಣೇ" ಅಂದರು. "ನನ್ನ ಕಾಲು ನೆಲಕ್ಕೆ ತಾಗ್ತಿತ್ತು. ಕಾಲಲ್ಲಿ ತಳ್ಕೊಂಡೇ ನಿಮ್ಮಪ್ಪನ್ನ ಮಲಗಿಸ್ತಿದ್ದೆ."

ಸರಪಳಿ ಬಿಚ್ಚಿ, ಎರಡೆರಡು ಕೊಂಡಿ ಸೇರಿಸಿ ಇಳಿಸಿದೆ. ಅಜ್ಜಿ ಕಿರುಬೆರಳಲ್ಲಿ ಒಮ್ಮೆ ತೂಗಿದರು.

"ಹಾಂ, ಈಗ ಸರಿಯಾಯ್ತು. ಕೂತ್ಕೋ, ಅಡುಗೆಮನೆ ಅಳತೆ ಹೇಳ್ತೀನಿ, ಬರ್ಕೋ."