ಬಿಚ್ಚುತ್ತಿರುವ ನೂಲಿನುಂಡೆ

ಬಿಹಾರದ ಬರಾಬರ್ ಬೆಟ್ಟ. ಗಟ್ಟಿ ಕಲ್ಲನ್ನು ಕೊರೆದು, ಒಳಗೋಡೆಯನ್ನು ಕನ್ನಡಿಯಂತೆ ತಿಕ್ಕಿದ ಗುಹೆಗಳು. ಅಶೋಕ ಪಟ್ಟಕ್ಕೆ ಬಂದ 12ನೇ ವರ್ಷದಲ್ಲಿ ಎರಡನ್ನು ಆಜೀವಿಕರೆಂಬ ಸನ್ಯಾಸಿ ಪಂಥದವರಿಗೆ ಕೊಟ್ಟ. ಪಕ್ಕದ ನಾಗಾರ್ಜುನಿ ಬೆಟ್ಟದಲ್ಲಿ ಮೊಮ್ಮಗ ದಶರಥ ಮತ್ತೆ ಮೂರು ಕೊಟ್ಟ. ಮನುಷ್ಯ ಯತ್ನದಿಂದ ಏನೂ ಆಗದು ಎಂದು ಸಾರಿದವರ ವಾಸಕ್ಕೆ ಇಷ್ಟೊಂದು ಯತ್ನ!

*

ಅವರ ಗುರು ಮಕ್ಖಲಿ ಗೋಶಾಲ. ಬುದ್ಧ, ಮಹಾವೀರರ ಸಮಕಾಲೀನ. ಅವನ ಪ್ರಕಾರ ಎಲ್ಲವೂ ನಿಯತಿ. ಪ್ರತಿ ಜೀವವೂ 84 ಲಕ್ಷ ಮಹಾಕಲ್ಪಗಳ ಕಾಲ ಹುಟ್ಟುಸಾವುಗಳಲ್ಲಿ ಸುತ್ತಿಯೇ ತೀರಬೇಕು. ಉರುಳಿಬಿಟ್ಟ ನೂಲಿನುಂಡೆ ನೂಲು ಮುಗಿಯುವ ತನಕ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ. ಜಾಣನಿಗೂ ದಡ್ಡನಿಗೂ ಒಂದೇ ಉದ್ದದ ನೂಲು. ಸರಿ, ಹಾಗಾದರೆ ಬೆತ್ತಲೆ ತಿರುಗಿ, ಉಪವಾಸವಿದ್ದು ಮೈ ಸವೆಸಿದ್ದು ಯಾತಕ್ಕೆ? ತಪಸ್ಸನ್ನೂ ನಿಯತಿಯೇ ಮಾಡಿಸಿತು ಎಂದಿದ್ದಾರೇನೋ. ಕೇಳೋಣವೆಂದರೆ ಅವರದೇ ಗ್ರಂಥ ಒಂದೂ ಉಳಿದಿಲ್ಲ. ನೂಲಿನುಂಡೆಯ ಮಾತೂ ಬೌದ್ಧರು ಬರೆದಿಟ್ಟದ್ದು. ಸವತಿಯ ಬಾಯಲ್ಲಿ ಸವತಿಯ ಗುಣ ಕೇಳಿದ ಹಾಗೆ.

*

ಜೈನರ ಉವಾಸಗದಸಾಓ ಗ್ರಂಥದಲ್ಲಿ ಸದ್ದಾಲಪುತ್ತ ಎಂಬ ಕುಂಬಾರ; ಆಜೀವಿಕರ ಅನುಯಾಯಿ. ಮಹಾವೀರ ಕೇಳುತ್ತಾನೆ: ಈ ಮಡಕೆಗಳು ಯತ್ನದಿಂದ ಆದವೋ, ಯತ್ನವಿಲ್ಲದೆಯೋ? ಯತ್ನವಿಲ್ಲದೆ, ಎನ್ನುತ್ತಾನೆ ಕುಂಬಾರ. ಯಾರಾದರೂ ಬಂದು ಒಡೆದುಹಾಕಿದರೆ? ನಿನ್ನ ಹೆಂಡತಿಯ ಮೈಮೇಲೆ ಕೈಮಾಡಿದರೆ? ಬಡಿಯುತ್ತೇನೆ, ಕೊಂದೇಬಿಡುತ್ತೇನೆ! ಎಲ್ಲವೂ ನಿಯತಿಯಾದರೆ ಬಡಿಯುವುದೇಕೆ? ಅಲ್ಲಿಗೆ ಸಿಕ್ಕಿಬಿದ್ದ.

ನನಗೇಕೋ ಕುಂಬಾರನ ಮೇಲೆಯೇ ಪ್ರೀತಿ. ಮಣ್ಣು ತುಳಿದು, ತಿಗರಿ ತಿರುಗಿಸಿ, ಆವಿಗೆಗೆ ಬೆಂಕಿ ಹಾಕಿದವನೇ ‘ನನ್ನದೇನಿಲ್ಲ’ ಎನ್ನುವುದು ಬರೀ ಮೊದ್ದುತನವೇ? ಆವಿಗೆ ತೆಗೆದಾಗ ಎಷ್ಟು ಬಿರಿದಿರುತ್ತವೆ, ಎಷ್ಟು ಉಳಿದಿರುತ್ತವೆ ಎಂಬುದು ಅವನ ಕೈಯಲ್ಲಿರಲಿಲ್ಲವಲ್ಲ. ಗೋಶಾಲನೂ ಶ್ರಾವಸ್ತಿಯಲ್ಲಿ ಹಾಲಾಹಲೆ ಎಂಬ ಕುಂಬಾರ್ತಿಯ ಕೊಟ್ಟಿಗೆಯಲ್ಲೇ ಬೀಡುಬಿಟ್ಟಿದ್ದನಂತೆ.

*

ಬರಾಬರ್ ಶಾಸನಗಳಿಗೆ ಮರಳಿದೆ. ಕೆಲವೆಡೆ ‘ಆಜೀವಿಕರಿಗೆ’ ಎಂಬ ಪದವನ್ನಷ್ಟೇ ಯಾರೋ ಚಾಣದಿಂದ ಕೆತ್ತಿ ತೆಗೆದಿದ್ದಾರೆ. ದಾನ ಉಳಿಯಿತು, ಪಡೆದವರ ಹೆಸರು ಹೋಯಿತು. ಆ ಚಾಣದ ಏಟನ್ನೂ ನಿಯತಿಯ ಲೆಕ್ಕಕ್ಕೇ ಬರೆಯಬೇಕೇ?

*

ಇತಿಹಾಸಕಾರ ಎ. ಎಲ್. ಬಾಶಂ 1951ರ ತಮ್ಮ ಪುಸ್ತಕದಲ್ಲಿ ಆಜೀವಿಕರ ಜಾಡು ಹಿಡಿದು ದಕ್ಷಿಣಕ್ಕೂ ಬರುತ್ತಾರೆ. ಅಶೋಕ ಗತಿಸಿ ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ತಮಿಳು ಸೀಮೆಯ ಶಾಸನಗಳಲ್ಲಿ, ನಮ್ಮ ಕೋಲಾರದ ಕಡೆಯೂ, ಆಜೀವಿಕರ ಹೆಸರಿನ ಒಂದು ತೆರಿಗೆ ಕಾಣಿಸುತ್ತದೆ. ಹೆಸರು ಕೆತ್ತಿ ತೆಗೆದವರು ತೆರಿಗೆ ಪಟ್ಟಿ ನೋಡಿರಲಿಲ್ಲ.