ಕರ್ತೃ ಎಲ್ಲಿ?

ಆಂಗ್ಲ ವ್ಯಾಕರಣದಲ್ಲಿ ನಮ್ಮ ಹಳೇಕೋಟೆಯ ಸುತ್ತಿನ ಗ್ರಾಮಗಳ ಮಕ್ಕಳು ಎಡವುವ ಸ್ಥಳಗಳಲ್ಲಿ 'ಪ್ಯಾಸಿವ್ ವಾಯ್ಸ್' ಒಂದು. ಎಂದರೆ ಕರ್ಮಣಿ ಪ್ರಯೋಗ. ಅದರ ಬೋಧನೆ ಆಂಗ್ಲ ಅಧ್ಯಾಪಕರದಾದರೂ, ಮಕ್ಕಳು ತಮ್ಮ ಸಂದೇಹವನ್ನು ಹೊತ್ತು ಕನ್ನಡ ಪಂಡಿತನ ಬಳಿಗೂ ಬರುವುದುಂಟು. ಆಗ ನಾನು ಹಳೆಯ ಪಾಠಶಾಲೆಯ ಕ್ರಮವನ್ನೇ ಹಿಡಿಯುತ್ತೇನೆ: ಮೊದಲು ಕರ್ತೃ, ಕರ್ಮ, ಕ್ರಿಯೆಗಳನ್ನು ಗುರುತಿಸು, ಅನಂತರ ಪ್ರಯೋಗವನ್ನು ಬದಲಿಸು.

'ರಾಮ ರೋಟ್ ದಿ ಲೆಟರ್' ಎಂಬಲ್ಲಿ ರಾಮನು ಕರ್ತೃ, ಪತ್ರವು ಕರ್ಮ. ಕರ್ಮವು ವಾಕ್ಯದ ಆದಿಗೆ ಬರುತ್ತದೆ. ಕಾಲಕ್ಕೆ ತಕ್ಕ 'ಬಿ' ಧಾತುರೂಪದೊಡನೆ ಕ್ರಿಯಾಪದದ ಮೂರನೆಯ ರೂಪ ಸೇರುತ್ತದೆ. ಕರ್ತೃವು 'ಬೈ' ಎಂಬುದರ ಮರೆಗೆ ಸರಿಯುತ್ತಾನೆ: 'ದಿ ಲೆಟರ್ ವಾಸ್ ರಿಟನ್ ಬೈ ರಾಮ'. 'ರಾಮೇಣ ಪತ್ರಂ ಲಿಖ್ಯತೇ' ಎಂಬುದನ್ನು ಬಲ್ಲವನಿಗೆ ಇದು ಅಪರಿಚಿತವಲ್ಲ. ಅಲ್ಲಿಯೂ ಕರ್ಮಕ್ಕೆ ಪ್ರಥಮೆ, ಕರ್ತೃವಿಗೆ ತೃತೀಯೆ. ಸಂಸ್ಕೃತದಲ್ಲಿ ಅಕರ್ಮಕ ಧಾತುಗಳಿಗೆ ಭಾವೇ ಪ್ರಯೋಗವುಂಟು. ಆಂಗ್ಲದ 'ಸ್ಲೀಪ್', 'ಗೋ' ಮೊದಲಾದವುಗಳಿಗೆ ಸಾಮಾನ್ಯವಾಗಿ ಈ ಮಾರ್ಪಾಡಿಲ್ಲ.

ಕಷ್ಟ ತೋರುವುದು ಕನ್ನಡಿಸುವಾಗ. 'ರಾಮನಿಂದ ಪತ್ರವು ಬರೆಯಲ್ಪಟ್ಟಿತು' ಎಂಬುದು ವ್ಯಾಕರಣಶುದ್ಧ. ಆದರೆ ಹೇಮಾವತಿಯ ದಂಡೆಯ ಯಾವ ರೈತನೂ ಹಾಗೆ ನುಡಿಯನು. 'ರಾಮ ಬರೆದ' ಎನ್ನುವನು. ಕರ್ತೃ ಬೇಡವಾದಲ್ಲಿ 'ನಾಟಿ ಆಯಿತು', 'ಪೂಜೆ ಮುಗಿಯಿತು' ಎನ್ನುವನು. ನಮ್ಮ ಜಿಲ್ಲೆಯದೇ ಆದ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ನೋಡಿರಿ. ಕ್ರಿ.ಶ. ಸುಮಾರು 450ರದೆಂದು ವಿದ್ವಾಂಸರು ಎಣಿಸುವ, 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಶಾಸನವು ವೀರನಾದ ವಿಜ ಅರಸನಿಗೆ ಗ್ರಾಮಗಳನ್ನು 'ಕೊಟ್ಟರು' ಎಂದೇ ಹೇಳುತ್ತದೆ. ಅದು ನೇರವಾದ ಕರ್ತರಿ ಪ್ರಯೋಗ.

ಇಂದಿನ ಕಚೇರಿಯ ಕನ್ನಡದ ದಾರಿ ಬೇರೆ. 'ಸಭೆಯನ್ನು ಮುಂದೂಡಲಾಯಿತು' ಎಂಬಲ್ಲಿ ಕರ್ಮವು ದ್ವಿತೀಯೆಯಲ್ಲಿಯೇ ಉಳಿದಿದೆ. ಆದುದರಿಂದ ಇದು ಪೂರ್ಣ ಕರ್ಮಣಿಯೂ ಅಲ್ಲ. ಕರ್ತೃವಂತೂ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಮುಂದೂಡಿದವರು ಯಾರೆಂದು ಕೇಳಿದರೆ ವ್ಯಾಕರಣವು ಮೌನ ತಾಳುತ್ತದೆ.

ಈ ಮೌನಕ್ಕೆ ಸದುಪಯೋಗವೂ ಉಂಟು. ಕರ್ತೃ ತಿಳಿಯದಿದ್ದಾಗ, ಅಥವಾ ವಿಜ್ಞಾನದ ಪ್ರಯೋಗವನ್ನು ವಿವರಿಸುವಾಗ, ಆಂಗ್ಲದ ಕರ್ಮಣಿ ಉಚಿತವೇ. ಆದರೆ ಇರಾನಿಗೆ ಶಸ್ತ್ರ ಮಾರಿದ ಪ್ರಕರಣದಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಅವರು 1987ರಲ್ಲಿ ತಪ್ಪುಗಳು 'ವರ್ ಮೇಡ್' ಎಂದರು. ಮಾಡಿದವರು ಯಾರೆಂಬುದು ಆ ವಾಕ್ಯದಲ್ಲಿ ಬರಲಿಲ್ಲ. ಮಕ್ಕಳು ಕರ್ಮಣಿಯ ರೂಪಸಿದ್ಧಿಯ ಜೊತೆಗೆ ಅದರ ಈ ಗುಣವನ್ನೂ ಅರಿಯಬೇಕು.

ಪ್ರಯೋಗದ ಆಯ್ಕೆಯು ಕೇವಲ ಅಂಕಗಳ ವಿಷಯವಲ್ಲವೆಂದು ನನ್ನ ಭಾವನೆ. ಶರಣರು ದಾಸೋಹದಲ್ಲಿ 'ನಾನು ಮಾಡಿದೆ' ಎಂಬ ಅಹಂಕಾರವನ್ನು ಒಲ್ಲದೆ ಹೋದರು. ಶ್ರೀಮಠದ ಈ ಶಾಲೆಗೆ ನೆರವಾದ ಮಹನೀಯರಲ್ಲಿಯೂ ಹೆಸರು ಬೇಡವೆಂದವರುಂಟು. ಕೊಡುವಲ್ಲಿ ಕರ್ತೃವು ಮರೆಯಾದರೆ ಅದು ಭೂಷಣ. ತಪ್ಪಿನಲ್ಲಿ ಮರೆಯಾದರೆ ಅದು ವಂಚನೆ. ಈ ವಿವೇಕದೊಡನೆ ನಮ್ಮ ವಿದ್ಯಾರ್ಥಿಗಳು ಎರಡೂ ಭಾಷೆಗಳನ್ನು ಬಳಸಲೆಂದು ಹಾರೈಸುತ್ತೇನೆ.