ಓಖ್ಲಾದ ಸಂಜೆ, ದಾರಿಹೋಕ ಹಕ್ಕಿಗಳು



ಊರಿನಿಂದ ಬಂದ ನೆಂಟರಿಗೆ ನೀವು ಕೆಂಪುಕೋಟೆ, ಕುತುಬ್ ಮಿನಾರ್ ತೋರಿಸುತ್ತೀರಿ. ಮುಂದಿನ ಚಳಿಗಾಲದಲ್ಲಿ ಯಾರಾದರೂ ಬಂದರೆ ಅವರನ್ನು ಒಂದು ಸಂಜೆ ಓಖ್ಲಾ ಪಕ್ಷಿಧಾಮಕ್ಕೂ ಕರೆದುಕೊಂಡು ಹೋಗಿ. ಕ್ಯಾಮೆರಾ ಇದ್ದರೆ ಹೆಗಲಿಗೆ ಹಾಕಿಕೊಳ್ಳಿ.

ಯಮುನೆಗೆ ಕಟ್ಟಿದ ಓಖ್ಲಾ ಬ್ಯಾರೇಜಿನ ಹಿಂದೆ ನೀರು ನಿಂತು ಕೆರೆಯಂತಾದ ಜಾಗವಿದು. 1990ರಲ್ಲಿ ಪಕ್ಷಿಧಾಮವಾಯಿತು. 2017ರ ಡಿಸೆಂಬರಿನಿಂದ ಇದೇ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ, ಆದ್ದರಿಂದ ದೂರವೆಂಬ ನೆಪ ನಡೆಯುವುದಿಲ್ಲ. ನದಿಯ ನಾತಕ್ಕೆ ಮೂಗು ಮುಚ್ಚಿಕೊಳ್ಳಬೇಕಾದೀತು, ನಿಜ. ಆದರೂ ಬಂದ ಹಕ್ಕಿಗಳು ಜಾಗ ಬಿಟ್ಟಿಲ್ಲ.

ಬಂದವರಲ್ಲಿ ಹೆಚ್ಚಿನವರು ನೀರಿನ ಮೇಲಿನ ಬಾತುಗಳನ್ನು ನೋಡಿ ಹಿಂದಿರುಗುತ್ತಾರೆ. ನೀವು ಸ್ವಲ್ಪ ತಾಳ್ಮೆಯಿಂದ ದಡದ ಜೊಂಡನ್ನು ನೋಡಿ. ಗುಬ್ಬಿಯಷ್ಟೇ ಗಾತ್ರದ ಕಂದು ಹಕ್ಕಿಯೊಂದು ಜೊಂಡಿನ ಬುಡದಿಂದ ಓಡಿ ಬಂದು, ಬಾಲವೆತ್ತಿ ನಿಂತು, ಮತ್ತೆ ಮರೆಯಾಗುತ್ತದೆ. ತಿರುಗಿ ನಿಂತಾಗ ಕೊರಳಲ್ಲಿ ನೀಲಿ ಬಣ್ಣ ಹೊಳೆದರೆ ಅದು ಬ್ಲೂಥ್ರೋಟ್ ಗಂಡು, ನಮ್ಮ ಮಾತಿನಲ್ಲಿ ನೀಲಿಗೊರಳಿನ ಹಕ್ಕಿ. ಬೇಸಿಗೆಯಲ್ಲಿ ಅದರ ಸಂಸಾರ ಉತ್ತರದ ತಂಪು ನಾಡುಗಳಲ್ಲಿ. ಹಾಡೆಲ್ಲ ಹೆಚ್ಚಾಗಿ ಅಲ್ಲಿಗೇ ಮೀಸಲು; ಇಲ್ಲಿ ಅದು ಬಂದಿರುವುದು ಹೊಟ್ಟೆಪಾಡಿಗೆ.

ಫೋಟೊ ತೆಗೆಯುವವರಿಗೆ ಒಂದು ಮಾತು. ನೋಯ್ಡಾ ಕಡೆಯ ಏರಿಯ ಮೇಲೆ ನಡೆದರೆ ನದಿ ಪಶ್ಚಿಮಕ್ಕಿರುತ್ತದೆ, ಸಂಜೆಯ ಸೂರ್ಯ ನೇರವಾಗಿ ಕಣ್ಣಿಗೆ ಹೊಡೆಯುತ್ತಾನೆ. ನೀರಿನ ಕಡೆ ತೆಗೆದ ಹಕ್ಕಿ ಕಪ್ಪು ನೆರಳಾಗಿ ಬರುತ್ತದೆ. ಬೆನ್ನು ತಿರುಗಿಸಿ, ಎದುರಿನ ಪೊದೆಗಳನ್ನು ನೋಡಿ. ಹೊಂಬಿಸಿಲು ಅಲ್ಲಿ ಬಿದ್ದಿರುತ್ತದೆ. ಬೆಳಕು ಇಳಿಯಿತೆಂದು ಫ್ಲ್ಯಾಶ್ ಹಾಕಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಅದನ್ನು ಹೊರಗೆಳೆಯಬೇಡಿ. ಪುಟ್ಟ ಹಾಡುಹಕ್ಕಿಗಳಲ್ಲಿ ಬಹುಪಾಲು ದೂರಪ್ರಯಾಣ ಮಾಡುವುದು ರಾತ್ರಿ ಹೊತ್ತು. ಹತ್ತು ಹನ್ನೆರಡು ಗ್ರಾಂ ತೂಗುವ ಜೀವಕ್ಕೆ ಹೊಟ್ಟೆಯ ಕೊಬ್ಬೇ ಬುತ್ತಿ. ಹೊರಡುವ ಕಾಲದಲ್ಲಿ ಸಂಜೆಯ ಊಟ ಕೆಡಿಸಿದರೆ ಬುತ್ತಿಗಂಟನ್ನೇ ಕಸಿದುಕೊಂಡ ಹಾಗೆ.

ಈ ದಾರಿಹೋಕರಲ್ಲಿ ಕೆಲವರಿಗೆ ನಮ್ಮೂರಿನ ನಂಟೂ ಇದೆ. ಏಪ್ರಿಲ್ ಕೊನೆಯಲ್ಲಿ ದೆಹಲಿಯ ಪೊದೆಗಳಲ್ಲಿ ‘ಚಕ್, ಚಕ್’ ಎನ್ನುವ ಬ್ಲೈತ್ಸ್ ರೀಡ್ ವಾರ್ಬ್ಲರ್ ದಕ್ಷಿಣದಲ್ಲಿ ಚಳಿಗಾಲ ಕಳೆದು ಉತ್ತರಕ್ಕೆ ಹೊರಟ ಹಕ್ಕಿ. ನಮ್ಮ ಮಲೆನಾಡಿನ ಪೊದೆಗಳಲ್ಲೂ ಈ ಜಾತಿ ಚಳಿಗಾಲವಿಡೀ ಇರುತ್ತದೆ. ಬೂದು ವ್ಯಾಗ್‌ಟೇಲ್ ಹಿಮಾಲಯದ ತೊರೆಗಳಲ್ಲಿ ಮರಿಮಾಡಿ, ಸೆಪ್ಟೆಂಬರ್ ಹೊತ್ತಿಗೆ ಕೆಳಗಿಳಿದು ಪಶ್ಚಿಮ ಘಟ್ಟದ ಹಳ್ಳಗಳವರೆಗೂ ಹೋಗುತ್ತದೆ. ಪುಸ್ತಕಗಳಲ್ಲಿ ಇದು ಸಿಪಿಲೆ. ಸದಾ ಬಾಲ ಕುಣಿಸುವುದರಿಂದ ಮಲೆನಾಡಿಗರ ಬಾಯಲ್ಲಿ ಕುಂಡೆಕುಸ್ಕ! ನಗಬೇಡಿ, ಇಷ್ಟು ಸರಿಯಾದ ಹೆಸರು ಇಂಗ್ಲಿಷಿನಲ್ಲೂ ಇಲ್ಲ. ಮೂಡಿಗೆರೆಯಲ್ಲಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ ಪುಸ್ತಕವನ್ನು ಅಪ್ಪ ಅಮ್ಮನಿಂದ ಓದಿಸಿಯಾದರೂ ಕೇಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಫೋಟೊ ಸ್ವಲ್ಪ ಮಸುಕಾಗಿದ್ದರೂ ಪರವಾಗಿಲ್ಲ. ದಿನಾಂಕ ಮತ್ತು ಜಾಗ ಬರೆದಿಡಿ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ 2007ರಲ್ಲಿ ‘ಮೈಗ್ರಂಟ್ ವಾಚ್’ ಎಂಬ ಕಾರ್ಯಕ್ರಮ ಆರಂಭಿಸಿತು. ವಲಸೆ ಹಕ್ಕಿಯನ್ನು ಆ ವರ್ಷ ಮೊದಲು ಕಂಡ ದಿನ ಯಾವುದು, ಕೊನೆಗೆ ಕಂಡ ದಿನ ಯಾವುದು ಎಂದು ಸಾಮಾನ್ಯ ಜನರೇ ಬರೆದು ತಿಳಿಸುವುದು, ಅಷ್ಟೇ. ಈಗ ಅಂಥ ಟಿಪ್ಪಣಿಗಳು ‘ಈಬರ್ಡ್’ನಲ್ಲಿ ಸೇರುತ್ತವೆ. ಹಕ್ಕಿ ಮೊದಲಿಗಿಂತ ತಡವಾಗಿ ಬರುತ್ತಿದೆಯೇ, ಬರುವುದನ್ನೇ ಬಿಟ್ಟಿದೆಯೇ ಎಂಬುದು ತಿಳಿಯುವುದು ಇಂಥ ಸಾವಿರಾರು ಸಣ್ಣ ಟಿಪ್ಪಣಿಗಳಿಂದ. ಇಲ್ಲಿಯ ಜೊಂಡು ಸುಟ್ಟರೂ ಅಲ್ಲಿಯ ಕೆರೆ ಮುಚ್ಚಿದರೂ ನಷ್ಟ ಹಕ್ಕಿಗೇ. ಒಂದು ಜಾಗವನ್ನು ಉಳಿಸಿ ಎಂದು ಕೇಳುವವನ ಕೈಯಲ್ಲಿ ‘ಚೆಂದವಾಗಿದೆ’ ಎಂಬ ಮಾತಿಗಿಂತ ಹತ್ತು ವರ್ಷದ ದಿನಾಂಕಗಳು ಹೆಚ್ಚು ಕೆಲಸ ಮಾಡುತ್ತವೆ.

ಈ ಕೆಲಸಕ್ಕೆ ನಿಮಗಿಂತ ಅನುಕೂಲಸ್ಥರು ಯಾರಿದ್ದಾರೆ? ಮನೆ ದೆಹಲಿಯಲ್ಲಿ, ಅಜ್ಜಿ ಮನೆ ಶಿವಮೊಗ್ಗದಲ್ಲೋ ಹಾಸನದಲ್ಲೋ. ಈ ಸೆಪ್ಟೆಂಬರಿನಲ್ಲಿ ನೀವು ಓಖ್ಲಾದಲ್ಲಿ ಕುಂಡೆಕುಸ್ಕವನ್ನು ಕಂಡ ದಿನ ಬರೆದುಕೊಳ್ಳಿ. ತೋಟದ ಹಳ್ಳಕ್ಕೆ ಅದು ಬಂದ ದಿನವನ್ನು ಬರೆದಿಡಲು ಅಜ್ಜನಿಗೆ ಫೋನಿನಲ್ಲಿ ಹೇಳಿ. ಎರಡು ದಿನಾಂಕಗಳನ್ನೂ ನಮ್ಮ ಪತ್ರಿಕೆಗೆ ಕಳಿಸಿ. ಫೋಟೊ ಇದ್ದರೆ ಸಂತೋಷ, ಇಲ್ಲದಿದ್ದರೂ ಅಚ್ಚು ಹಾಕೋಣ.